ಬಾಚಿ, ಉಳಿ, ಬೆಣೆ: ಕೌದಳ್ಳಿ ದಾರಿಯ ಮರಗೆಲಸ

ಮರದ ನೇಗಿಲಿನಲ್ಲಿ ಉಳುವ ರೈತ ನಡುನಡುವೆ ಎತ್ತು ನಿಲ್ಲಿಸಿ, ಬದುವಿನಲ್ಲಿ ಕೈಗೆ ಸಿಕ್ಕಿದ ಕಲ್ಲಿನಿಂದ ನೇಗಿಲಿಗೆ ಎರಡು ಪೆಟ್ಟು ಹಾಕುತ್ತಾನೆ. ನೋಡುವವರಿಗೆ ಅದು ಹಾಳಾದ ನೇಗಿಲನ್ನು ರಿಪೇರಿ ಮಾಡಿದಂತೆ ಕಾಣುತ್ತದೆ. ಆದರೆ ನಡೆಯುವುದು ರಿಪೇರಿಯಲ್ಲ. ನೇಗಿಲಿನ ದಿಂಡಿಗೂ ಎತ್ತಿನ ಕಡೆಗೆ ಚಾಚಿದ ಉದ್ದನೆಯ ಈಸಿಗೂ ನಡುವೆ ಒಂದು ಸಣ್ಣ ಮರದ ತುಂಡು ಕೂತಿರುತ್ತದೆ. ಅದೇ ಬೆಣೆ. ಅದನ್ನು ಬಿಗಿದರೆ ಅಥವಾ ಸಡಿಲಿಸಿದರೆ ಈಸು ನಿಲ್ಲುವ ಕೋನ ಬದಲಾಗುತ್ತದೆ. ಕುಳ ಮಣ್ಣಿಗೆ ಆಳವಾಗಿ ಇಳಿಯಬೇಕೋ ಮೇಲೆಮೇಲೆ ಸಾಗಬೇಕೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಎರೆಮಣ್ಣಿಗೆ ಒಂದು ಪೆಟ್ಟು, ಕಲ್ಲುಮಿಶ್ರಿತ ಕೆಂಪು ಮಣ್ಣಿಗೆ ಇನ್ನೊಂದು. ಇಡೀ ನೇಗಿಲಿನಲ್ಲಿ ಕಬ್ಬಿಣವಿರುವುದು ಕುಳದಲ್ಲಿ ಮಾತ್ರ. ಉಳಿದದ್ದೆಲ್ಲ ತೂತು, ನಾಲಗೆ, ಬೆಣೆಗಳ ಬಲದ ಮೇಲೆ ನಿಂತ ಮರ.

ಕೊಳ್ಳೇಗಾಲದಿಂದ ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಸಿಗುವ ಕೌದಳ್ಳಿಯಂತಹ ಊರುಗಳಲ್ಲಿ ಈ ಮರಗೆಲಸ ಒಂದು ಕಾಲಕ್ಕೆ ಬದುಕಿನ ಬೆನ್ನೆಲುಬಾಗಿತ್ತು. ಒಂದು ಕಡೆ ರಾಗಿ, ಜೋಳದ ಹೊಲ. ಇನ್ನೊಂದು ಕಡೆ ಕಣ್ಣು ಹಾಯುವಷ್ಟು ದೂರ ಎಲೆಯುದುರುವ ಕಾಡು. ಮರ ಬೇಕಾದವರೂ ಇಲ್ಲೇ, ಮರವೂ ಇಲ್ಲೇ. ಆದರೂ ಇಲ್ಲಿಯ ಬಡಗಿಯ ಇತಿಹಾಸ ಇಷ್ಟು ಸರಳವಾಗಿ ಸಾಗಲಿಲ್ಲ. ಯಾವ ಮರ ಯಾರಿಗೆ ಸೇರಿದ್ದು ಎಂಬ ಪ್ರಶ್ನೆ ಎರಡು ಶತಮಾನಗಳಲ್ಲಿ ಮತ್ತೆ ಮತ್ತೆ ಎದ್ದು, ಆತನ ಕೈಯ ಉಪಕರಣಗಳನ್ನೂ ಜೋಡಣೆಯ ರೀತಿಯನ್ನೂ ಬದಲಿಸಿತು.

ಕ್ರಿ.ಶ. 1800ರಲ್ಲಿ, ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಿದ. ಶ್ರೀರಂಗಪಟ್ಟಣದಿಂದ ಹೊರಟು ಸತ್ತೇಗಾಲ, ಹನೂರು, ಕೌದಳ್ಳಿಗಳ ಮೇಲೆ ಹಾದು ಕಾವೇರಿಪುರದ ಕಣಿವೆಯಿಂದ ಕೆಳಗಿನ ನಾಡಿಗೆ ಇಳಿದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾದ ಆತನ ಪ್ರವಾಸ ಗ್ರಂಥದಲ್ಲಿ ಬೆಳೆ, ಜಾತಿ, ತೆರಿಗೆಗಳ ಜೊತೆಗೆ ನೇಗಿಲು ಮೊದಲಾದ ಬೇಸಾಯದ ಸಲಕರಣೆಗಳ ಚಿತ್ರಗಳೂ ಇವೆ. ಆ ಕಾಲದಲ್ಲಿ ಕಣಿವೆಯ ದಾರಿಗಳಲ್ಲಿ ಸರಕು ಸಾಗುತ್ತಿದ್ದುದು ಹೆಚ್ಚಾಗಿ ಹೇರೆತ್ತಿನ ಬೆನ್ನ ಮೇಲೆ, ಗಾಡಿಯ ಮೇಲಲ್ಲ. ಹಗುರವಾದ, ಅರಗಳಿರುವ ಚಕ್ರದ ಎತ್ತಿನ ಗಾಡಿ ಹಳ್ಳಿಹಳ್ಳಿಗೂ ಬಂದದ್ದು ರಸ್ತೆಗಳಾದ ಮೇಲೆ, 19ನೆಯ ಶತಮಾನ ಸಾಕಷ್ಟು ಸಾಗಿದ ಬಳಿಕ. ಗಾಡಿ ಎಂದರೆ ಅನಾದಿಕಾಲದ್ದು ಎಂಬ ನಂಬಿಕೆಯನ್ನು ಇಲ್ಲಿ ಕೊಂಚ ತಿದ್ದಿಕೊಳ್ಳಬೇಕಾಗುತ್ತದೆ. ಚಕ್ರ ಹಳೆಯದು, ನಿಜ. ಊರಿಗೊಬ್ಬ ಚಕ್ರ ಕಟ್ಟುವ ಬಡಗಿ ಅಷ್ಟು ಹಳಬನಲ್ಲ.

ನೇಗಿಲು ಮಾಡುವ ಬಡಗಿ ಮಾತ್ರ ಹಳಬ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಕಮ್ಮಾರ, ಅಗಸ, ಕುಂಬಾರ ಮೊದಲಾದವರೊಡನೆ ಬಡಗಿಯೂ ಊರಿನ 12 ಮಂದಿ ಆಯಗಾರರಲ್ಲಿ ಒಬ್ಬ. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಮೈಸೂರಿನ ಇತಿಹಾಸದಲ್ಲೂ ಈ ವ್ಯವಸ್ಥೆಯ ವಿವರಣೆ ಇದೆ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಬಡಗಿಗೆ ಆಯದ ಧಾನ್ಯ ಸಲ್ಲುತ್ತಿತ್ತು. ಅದಕ್ಕೆ ಪ್ರತಿಯಾಗಿ ವರ್ಷವಿಡೀ ನೇಗಿಲು, ನೊಗ, ಕುಂಟೆ, ಕೂರಿಗೆಗಳ ಕೆಲಸ ಆತನದು. ಮರ ತರಬೇಕಾದವನು ರೈತ, ಕೈಚಳಕ ಬಡಗಿಯದು. ಈ ಲೆಕ್ಕಾಚಾರದ ಒಂದು ಗುಣವನ್ನು ಗಮನಿಸಬೇಕು. ಹೊಸದು ಮಾಡಿದ್ದಕ್ಕೆ ಇಷ್ಟು, ಹಳೆಯದನ್ನು ಸರಿಪಡಿಸಿದ್ದಕ್ಕೆ ಇಷ್ಟು ಎಂಬ ಬೇರೆಬೇರೆ ಕೂಲಿ ಅಲ್ಲಿರಲಿಲ್ಲ. ಹಾಗಾಗಿ ಬೇಗ ಮುರಿಯದಂತೆ, ಮುರಿದರೂ ಮುರಿದ ಭಾಗವನ್ನಷ್ಟೇ ಬಿಚ್ಚಿ ಬದಲಿಸುವಂತೆ ಮಾಡುವುದರಲ್ಲಿ ಬಡಗಿಗೇ ಲಾಭವಿತ್ತು. ಮೊಳೆ ಹೊಡೆದು ಮುಗಿಸಿದ ವಸ್ತುವನ್ನು ಬಿಚ್ಚಲು ಹೋದರೆ ಮರ ಸೀಳುತ್ತದೆ. ಬೆಣೆ ಹೊಡೆದದ್ದನ್ನು ಹಿಂದಿನಿಂದ ಒಂದು ಪೆಟ್ಟು ಹಾಕಿ ಬಿಚ್ಚಬಹುದು.

ಬಡಗಿಯ ಚೀಲದಲ್ಲಿ ಇರುತ್ತಿದ್ದ ಸಲಕರಣೆಗಳು ಬಹಳವಿಲ್ಲ. ಮೊದಲನೆಯದು ಬಾಚಿ. ಕೊಡಲಿಯ ಬಾಯಿ ಕಾವಿನ ನೇರಕ್ಕಿದ್ದರೆ ಬಾಚಿಯ ಬಾಯಿ ಗುದ್ದಲಿಯಂತೆ ಅಡ್ಡಕ್ಕೆ ಇರುತ್ತದೆ. ಒರಟು ದಿಮ್ಮಿಯನ್ನು ಚೌಕ ಮಾಡುವುದರಿಂದ ಹಿಡಿದು ಮೇಳಿಯ ಹಿಡಿಯನ್ನು ನಯ ಮಾಡುವವರೆಗೆ ಅರ್ಧ ಕೆಲಸ ಇದೊಂದರಿಂದಲೇ ಮುಗಿಯುತ್ತಿತ್ತು. ಆಮೇಲೆ ಅಗಲ, ಕಿರಿದು ಬಾಯಿಗಳ ನಾಲ್ಕಾರು ಉಳಿ, ಅವುಗಳ ತಲೆಗೆ ಹೊಡೆಯಲು ಮರದ ಕೊಡತಿ. ಕಬ್ಬಿಣದ ಸುತ್ತಿಗೆಯಿಂದ ಉಳಿಗೆ ಹೊಡೆದರೆ ಹಿಡಿ ಸೀಳಿಹೋಗುತ್ತದೆಂದು ಕೊಡತಿ. ತೂತು ಕೊರೆಯಲು ಬೈರಿಗೆ. ಅದರ ಕಡ್ಡಿಗೆ ದಾರ ಸುತ್ತಿ ಬಿಲ್ಲಿನಂತಹ ಕೋಲಿನಿಂದ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾರೆ. ಮೇಲ್ಮೈ ಸಮ ಮಾಡಲು ಉಜ್ಜುಗೊರಡು, ಮೂಲೆ ನೋಡಲು ಮೂಲೆಮಟ್ಟ, ಗೆರೆ ಹಾಕಲು ಕೆಮ್ಮಣ್ಣಿನಲ್ಲಿ ಅದ್ದಿದ ದಾರ. ದಾರವನ್ನು ಎರಡು ತುದಿಯಲ್ಲಿ ಬಿಗಿಯಾಗಿ ಹಿಡಿದು ನಡುವೆ ಎತ್ತಿ ಬಿಟ್ಟರೆ ಮರದ ಮೇಲೆ ನೇರವಾದ ಕೆಂಪು ಗೆರೆ ಮೂಡುತ್ತದೆ. ಗರಗಸದ ಹಲ್ಲುಗಳು ಹಿಡಿಯ ಕಡೆಗೆ ಬಾಗಿರುತ್ತಿದ್ದವು. ದೂಡುವಾಗ ಅಲ್ಲ, ಎಳೆಯುವಾಗ ಮರ ಕೊಯ್ಯುವುದು ಇಲ್ಲಿಯ ಹಳೆಯ ಪದ್ಧತಿ. ಎಳೆಯುವ ಗರಗಸದ ಅಲಗು ಬಾಗುವುದಿಲ್ಲವಾದ್ದರಿಂದ ತೆಳುವಾದ, ಅಗ್ಗದ ಕಬ್ಬಿಣವೂ ಸಾಕಾಗುತ್ತಿತ್ತು. ಯುರೋಪಿನ ಬಡಗಿ ಸೊಂಟದೆತ್ತರದ ಮೇಜಿನ ಮೇಲೆ ಮರವನ್ನು ತಿರುಪಿನಲ್ಲಿ ಬಿಗಿದು ನಿಂತು ಕೆಲಸ ಮಾಡಿದರೆ, ಇಲ್ಲಿಯವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಪಾದದ ಬೆರಳುಗಳಿಂದಲೇ ಮರವನ್ನು ಹಿಡಿಯುತ್ತಿದ್ದ. ಕಾಲೇ ಅವನ ಇಕ್ಕಳ.

ಈ ಸಲಕರಣೆಗಳ ಬಾಯಿ ಹರಿತವಾಗಬೇಕಾದರೆ ಕಮ್ಮಾರನ ಕುಲುಮೆಗೇ ಹೋಗಬೇಕು. ಕಬ್ಬಿಣಕ್ಕೆ ಮನು, ಮರಕ್ಕೆ ಮಯ, ಕಂಚಿಗೆ ತ್ವಷ್ಟೃ, ಕಲ್ಲಿಗೆ ಶಿಲ್ಪಿ, ಚಿನ್ನಕ್ಕೆ ವಿಶ್ವಜ್ಞ ಎಂದು ವಿಶ್ವಕರ್ಮನ ಐವರು ಮಕ್ಕಳನ್ನು ಹೇಳುವ ಪಾಂಚಾಳ ಪರಂಪರೆಯಲ್ಲಿ ಕಮ್ಮಾರನೂ ಬಡಗಿಯೂ ಅಣ್ಣತಮ್ಮಂದಿರು. ಕಬ್ಬಿಣ ಯಾರ ಕೈಯಲ್ಲಿದೆ ಎಂಬುದು ಈ ಸೀಮೆಯ ಜನರಿಗೆ ಎಷ್ಟು ಮುಖ್ಯವಾಗಿತ್ತು ಎನ್ನುವುದಕ್ಕೆ ಮಂಟೇಸ್ವಾಮಿ ಕಾವ್ಯವೇ ಸಾಕ್ಷಿ. ನೀಲಗಾರರು ಹಾಡುವ ಈ ಜನಪದ ಮಹಾಕಾವ್ಯದಲ್ಲಿ ಹಲಗೂರು ಪಾಂಚಾಳರ ಸಾಲು ಎಂಬುದೇ ಒಂದು ದೊಡ್ಡ ಭಾಗ. ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಬಳಿಗೆ ಹೋಗಿ ಬೇಡುವುದು ಅನ್ನವನ್ನಲ್ಲ, ಹಣವನ್ನಲ್ಲ, ಕಬ್ಬಿಣದ ಭಿಕ್ಷೆಯನ್ನು. ಅವರು ಕೊಡಲೊಪ್ಪದೆ ಒಡ್ಡುವ ಪರೀಕ್ಷೆಗಳೇ ಆ ಸಾಲಿನ ಕಥೆ. ಸಿದ್ದಪ್ಪಾಜಿಯ ಗದ್ದುಗೆ ಇರುವ ಚಿಕ್ಕಲ್ಲೂರು ಇಂದಿನ ಹನೂರು ತಾಲ್ಲೂಕಿನಲ್ಲೇ ಇದೆ.

ಯಾವ ಕೆಲಸಕ್ಕೆ ಯಾವ ಮರ ಎಂಬುದು ಬಡಗಿಗೆ ಬಾಯಿಪಾಠ. ಗಟ್ಟಿಯಾಗಿ ಹಿಡಿದುಕೊಳ್ಳುವ ಜಾಲಿ ನೇಗಿಲಿನ ದಿಂಡಿಗೂ ಚಕ್ರದ ಗುಂಬಕ್ಕೂ ಹೇಳಿ ಮಾಡಿಸಿದ್ದು. ಬಾಗಿದರೂ ಮುರಿಯದ ದಿಂಡಿಗ ಗಾಡಿಯ ಅಚ್ಚಿಗೆ, ಕೊಡಲಿಯ ಕಾವಿಗೆ. ದಡಸಲು ಕೂಡ ಕಾವಿಗೆ ಒಳ್ಳೆಯದು. ಹೊನ್ನೆ, ಮತ್ತಿ ತೊಲೆ ಬಾಗಿಲುಗಳಿಗೆ. ತೇಗ, ಬೀಟೆ ಹಣವಂತರ ಮನೆಗೆ. ನೊಗಕ್ಕೆ ಮಾತ್ರ ಹಗುರ ಮರವೇ ಆಗಬೇಕು, ಎತ್ತಿನ ಹೆಗಲು ಉಜ್ಜಿ ಗಾಯವಾಗಬಾರದು. ನೇಗಿಲಿಗೆ ಕೊಂಬೆ ಆರಿಸುವಾಗ ಬಡಗಿ ಸೊಟ್ಟಗಿರುವುದನ್ನೇ ಹುಡುಕುತ್ತಿದ್ದ. ನೇರ ಮರವನ್ನು ಬಾಗಿಸಿ ಕತ್ತರಿಸಿದರೆ ನಾರು ತುಂಡಾಗಿ ಆ ಜಾಗದಲ್ಲೇ ಮುರಿಯುತ್ತದೆ. ಹುಟ್ಟಿನಿಂದಲೇ ಬಾಗಿ ಬೆಳೆದ ಕೊಂಬೆಯಲ್ಲಿ ನಾರು ಬಾಗಿನ ಜೊತೆಗೇ ಹರಿದಿರುತ್ತದೆ. ಟಿಂಬರ್ ಡಿಪೋದಲ್ಲಿ ಬೆಲೆಯಿಲ್ಲದ ಸೊಟ್ಟ ಕೊಂಬೆ ಬಡಗಿಗೆ ಬಂಗಾರ. ಅಮಾವಾಸ್ಯೆಯ ಆಸುಪಾಸಿನಲ್ಲಿ ಕಡಿದ ಮರಕ್ಕೆ ಹುಳು ಹಿಡಿಯದೆಂಬ ನಂಬಿಕೆಯೂ ಇತ್ತು.

ಇನ್ನು ಜೋಡಣೆ. ಮರ ಒಣಗುವಾಗ ಉದ್ದಕ್ಕೆ ನೂರಕ್ಕೆ ಒಂದು ಭಾಗದಷ್ಟೂ ಕುಗ್ಗುವುದಿಲ್ಲ. ಅಡ್ಡಕ್ಕೆ ಮಾತ್ರ ನೂರಕ್ಕೆ ಐದಾರು ಭಾಗ ಕುಗ್ಗುತ್ತದೆ. ಮಳೆಗಾಲದಲ್ಲಿ ಮತ್ತೆ ಉಬ್ಬುತ್ತದೆ. ಮರಗೆಲಸದ ಜೋಡಣೆಗಳೆಲ್ಲವೂ ಈ ಒಂದು ಸತ್ಯದೊಂದಿಗೆ ಮಾಡಿಕೊಂಡ ಒಪ್ಪಂದಗಳು. ಮೊಳೆ ಈ ಉಸಿರಾಟಕ್ಕೆ ಜಾಗ ಕೊಡುವುದಿಲ್ಲ. ಜೊತೆಗೆ ಜಾಲಿಯಂತಹ ಒಗರಿನ ಮರಗಳಲ್ಲಿ ತೇವ ತಗುಲಿದ ಕಬ್ಬಿಣ ಬೇಗ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕಪ್ಪಾಗಿಸಿ ಕೊಳೆಸುತ್ತದೆ. ಒಂದರ ತುದಿಯನ್ನು ನಾಲಗೆಯಂತೆ ಕೆತ್ತಿ, ಇನ್ನೊಂದರಲ್ಲಿ ಅದಕ್ಕೆ ತಕ್ಕ ಚೌಕ ತೂತು ಮಾಡಿ ಕೂರಿಸಿ, ಬೆಣೆ ಬಡಿದರೆ ಎರಡೂ ಮರವೇ ಆದ್ದರಿಂದ ಒಟ್ಟಿಗೇ ಉಬ್ಬುತ್ತವೆ, ಒಟ್ಟಿಗೇ ಕುಗ್ಗುತ್ತವೆ. ದಕ್ಷಿಣ ಭಾರತದ ಶಿಲ್ಪಗ್ರಂಥವಾದ ಮಯಮತದಲ್ಲಿ ಸಂಧಿಕರ್ಮಕ್ಕೆಂದೇ ಒಂದು ಅಧ್ಯಾಯವಿದೆ. ಅಲ್ಲಿ ಜೋಡಣೆಗಳಿಗೆ ಇಟ್ಟಿರುವ ಹೆಸರುಗಳು ಸ್ವಾರಸ್ಯವಾಗಿವೆ: ಮೇಷಯುದ್ಧ, ಅಂದರೆ ಟಗರಿನ ಕಾಳಗ, ಸೂಕರಘ್ರಾಣ, ಅಂದರೆ ಹಂದಿಯ ಮೂತಿ, ಝಷದಂತ, ಅಂದರೆ ಮೀನಿನ ಹಲ್ಲು. ಟಗರು ಕಾಳಗ ಎಂದರೆ ನಡುವೆ ಒಂದು ನಾಲಗೆಯಿರುವ, ನಮ್ಮ ಬಡಗಿ ದಿನಬೆಳಗಾದರೆ ಮಾಡುವ ಅದೇ ಜೋಡಣೆ. ಹಳ್ಳಿಯ ಬಡಗಿ ಸಂಸ್ಕೃತ ಓದಿ ಕಲಿತನೆಂದಲ್ಲ. ಕೆಲಸ ಬಲ್ಲವರಿಂದ ಕೇಳಿ ಪಂಡಿತರು ಬರೆದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಮನೆ ಕಟ್ಟುವಲ್ಲೂ ಇದೇ ರೀತಿ. ತೊಟ್ಟಿಮನೆಯ ಕಂಬದ ತಲೆಯ ನಾಲಗೆ ಬೋದಿಗೆಯ ತೂತಿಗೆ ಇಳಿಯುತ್ತದೆ. ಬೋದಿಗೆಯ ಮೇಲೆ ಎರಡು ತೊಲೆಗಳ ತುದಿಗಳು ಕಚ್ಚು ಕೊಟ್ಟುಕೊಂಡು ಕೂರುತ್ತವೆ. ಬಾಗಿಲಿಗೆ ಕಬ್ಬಿಣದ ಕೀಲಿರಲಿಲ್ಲ. ಕದದ ಮೇಲೂ ಕೆಳಗೂ ಬಿಟ್ಟ ಮರದ ಮೊಳಕೆಗಳೇ ಹೊಸ್ತಿಲ ಮತ್ತು ಮೇಲಿನ ಪಟ್ಟಿಯ ಕುಳಿಗಳಲ್ಲಿ ತಿರುಗುತ್ತಿದ್ದವು. ಇವನ್ನೆಲ್ಲ ಮೀರಿಸಿದ ಕೆಲಸವೆಂದರೆ ಗಾಡಿಯ ಚಕ್ರ.

12 ಅರದ ಚಕ್ರವನ್ನೇ ತೆಗೆದುಕೊಳ್ಳೋಣ. ನಡುವಿನ ಗುಂಬಕ್ಕೆ 12 ತೂತು. ಪ್ರತಿ ತೂತಿಗೂ ಒಂದು ಅರ. ಹೊರಸುತ್ತಿಗೆ ಆರು ಬಾಗುಮರಗಳು, ಒಂದೊಂದಕ್ಕೂ ಎರಡೆರಡು ಅರ. ಬಾಗುಮರದಿಂದ ಬಾಗುಮರಕ್ಕೆ ಮರದ ಗೂಟ. ಇಷ್ಟನ್ನೂ ಜೋಡಿಸಿದ ಮೇಲೆ ಒಟ್ಟು 30 ಸಂಧಿಗಳಾಗುತ್ತವೆ. ಅದರಲ್ಲಿ ಒಂದು ಸಡಿಲವಿದ್ದರೂ ಉಳಿದವಕ್ಕೆ ಅಲುಗಾಟ ಹಬ್ಬುತ್ತದೆ. ಇಲ್ಲಿಗೆ ಬಡಗಿಯ ಕೆಲಸ ಮುಗಿದು ಕಮ್ಮಾರನ ಕೆಲಸ ಶುರು. ಚಕ್ರದ ಸುತ್ತಳತೆಗಿಂತ ಸ್ವಲ್ಪ ಕಿರಿದಾಗಿ ಕಬ್ಬಿಣದ ಹಳಿಯನ್ನು ಬೆಸೆದು, ಬಯಲಿನಲ್ಲಿ ಮಲಗಿಸಿ, ಸುತ್ತ ಬೆರಣಿ ಒಟ್ಟಿ ಬೆಂಕಿ ಹಾಕುತ್ತಾರೆ. ಕಬ್ಬಿಣದ ಬಿಸಿ 500 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಮೀಟರಿಗೆ ಸುಮಾರು 6 ಮಿಲಿಮೀಟರ್ ಬೆಳೆಯುತ್ತದೆ. 5 ಅಡಿ ವ್ಯಾಸದ ಚಕ್ರಕ್ಕೆ ಸುತ್ತಳತೆ 15 ಅಡಿಗೂ ಮಿಕ್ಕಿರುವುದರಿಂದ ಇಡೀ ಹಳಿ ಒಂದು ಅಂಗುಲಕ್ಕಿಂತ ಹೆಚ್ಚು ಹಿಗ್ಗುತ್ತದೆ. ಕೆಂಪಾದ ಹಳಿಯನ್ನು ಮೂರು ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಚಕ್ರದ ಮೇಲೆ ಇಳಿಸಿ, ಸುತ್ತಿಗೆಯಲ್ಲಿ ಬಡಿದು ಕೂರಿಸುತ್ತಾರೆ. ಮರ ಹೊತ್ತಿಕೊಳ್ಳುವಷ್ಟರಲ್ಲಿ ಕೊಡಕೊಡ ನೀರು ಬೀಳುತ್ತದೆ. ಹೊಗೆ, ಉಗಿ, ಕೂಗಾಟ. ತಣ್ಣಗಾಗುತ್ತಾ ಹಳಿ ಕುಗ್ಗಿದಂತೆ ಅರಗಳು ಗುಂಬದೊಳಕ್ಕೆ ಕಿರ್ರೆಂದು ಇಳಿಯುವುದು ಕಿವಿಗೆ ಕೇಳುತ್ತದೆ. 30 ಸಂಧಿಗಳನ್ನೂ ಒಂದೇ ಬೆಣೆ ಬಿಗಿದಂತೆ. ಆ ಬೆಣೆ ಹೊರಗಿನಿಂದ ಸುತ್ತುವರಿದಿದೆ, ಅಷ್ಟೇ.

ಮಹದೇಶ್ವರ ಬೆಟ್ಟಕ್ಕೆ ಶಿವರಾತ್ರಿ, ಯುಗಾದಿ, ದೀಪಾವಳಿಗಳಿಗೆ ಬಯಲುಸೀಮೆಯಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಒಕ್ಕಲುಗಳಿಗೆ ಬೆಟ್ಟದ ಬುಡದ ತಾಳಬೆಟ್ಟಕ್ಕೆ ಮುಂಚೆ ಸಿಗುವ ದೊಡ್ಡ ಊರು ಕೌದಳ್ಳಿ. ಕಲ್ಲುದಾರಿಯಲ್ಲಿ ಹಳಿ ಸಡಿಲಿಸಿಕೊಂಡ ಚಕ್ರಕ್ಕೂ, ಕಳೆದುಹೋದ ಕಡಾಣಿಗೂ ದಾರಿಯ ಊರುಗಳ ಬಡಗಿ ಕಮ್ಮಾರರೇ ದಿಕ್ಕು. ಎಳೆಯುತ್ತಿದ್ದುದು ಆಲಂಬಾಡಿ, ಬರಗೂರು ತಳಿಯ ಎತ್ತುಗಳು. ಎರಡೂ ಈ ಕಾಡುಗಳ ಅಂಚಿನವೇ.

ಮರವನ್ನು ರೈತನೇ ತರಬೇಕು ಎಂಬ ಮಾತು ಮೇಲೆ ಬಂತು. ಆ ಒಂದು ಕೊಂಡಿಯೇ ಮೊದಲು ಕಳಚಿದ್ದು. 1799ರ ಬಳಿಕ ಕೊಳ್ಳೇಗಾಲ ಸೀಮೆ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲಿ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಹೀಗಾಗಿ ಒಂದೇ ಬೆಟ್ಟದ ಮರ ಅಕ್ಕಪಕ್ಕದ ಎರಡು ಸರ್ಕಾರಗಳ ಮರವಾಯಿತು. ಮದರಾಸಿನಲ್ಲಿ 1856ರಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಅರಣ್ಯ ಸಂರಕ್ಷಕನಾಗಿ ನೇಮಕಗೊಂಡ. ಅದೇ ವರ್ಷ ರಾಯಪುರಂನಿಂದ ದಕ್ಷಿಣ ಭಾರತದ ಮೊದಲ ರೈಲೂ ಹೊರಟಿತು. ಎರಡಕ್ಕೂ ಸಂಬಂಧವಿಲ್ಲದಿಲ್ಲ, ಹಳಿಗಳ ಕೆಳಗೆ ಹಾಸಲು ಸ್ಲೀಪರುಗಳು ಬೇಕಿದ್ದವು. 1882ರ ಮದರಾಸು ಅರಣ್ಯ ಕಾಯಿದೆಯಡಿ ಕಾಡುಗಳು ಮೀಸಲು ಅರಣ್ಯಗಳಾದವು. ಅಲ್ಲಿಂದ ಮುಂದೆ ನೇಗಿಲಿಗೊಂದು ಸೊಟ್ಟ ಕೊಂಬೆ ಬೇಕಾದರೂ ಪರವಾನಗಿಯ ಮಾತು ಬಂತು. ಕಾಡು ಉಳಿಯಲು ಕಾಯಿದೆ ಬೇಕಿರಲಿಲ್ಲವೆಂದಲ್ಲ. ಆದರೆ ಸಾವಿರಾರು ಸ್ಲೀಪರುಗಳಿಗೂ ಒಂದು ಈಸಿಗೂ ಒಂದೇ ತಕ್ಕಡಿ ಹಿಡಿದದ್ದು ನ್ಯಾಯವೆನಿಸುವುದಿಲ್ಲ.

ಇದೇ ಕಾಲದಲ್ಲಿ ದೇಶಿ ನೇಗಿಲು ಕೆಲಸಕ್ಕೆ ಬಾರದ್ದೆಂದು, ಅದರ ಜಾಗದಲ್ಲಿ ಕಬ್ಬಿಣದ ರೆಕ್ಕೆ ನೇಗಿಲು ಬರಬೇಕೆಂದು ವಾದಿಸುವವರೂ ಹುಟ್ಟಿಕೊಂಡರು. 1889ರಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡಿನ ಕೃಷಿ ರಸಾಯನಶಾಸ್ತ್ರಜ್ಞ ಜಾನ್ ಅಗಸ್ಟಸ್ ವೋಲ್ಕರ್ ಊರೂರು ಸುತ್ತಿ 1893ರಲ್ಲಿ ವರದಿ ಪ್ರಕಟಿಸಿದಾಗ ಅವರಿಗೆ ನಿರಾಸೆಯಾಗಿರಬೇಕು. ಇಲ್ಲಿಯ ಸಲಕರಣೆಗಳು ಹಗುರ, ಅಗ್ಗ, ಊರಿನಲ್ಲೇ ಸರಿಪಡಿಸಿಕೊಳ್ಳಬಹುದಾದವು. ಇವುಗಳಲ್ಲಿ ಸುಧಾರಿಸುವುದಕ್ಕೆ ಹೆಚ್ಚೇನೂ ಇಲ್ಲ ಎಂಬುದು ಅವನ ಅಭಿಪ್ರಾಯದ ಸಾರ. ಹೆಗಲ ಮೇಲೆ ಹೊತ್ತು ಹೊಲಕ್ಕೆ ಹೋಗಬಹುದಾದ ನೇಗಿಲಿನ ಬೆಲೆ ಅವನಿಗೆ ತಿಳಿದಿತ್ತು.

ಮರದ ನೇಗಿಲನ್ನು ಕಡೆಗೂ ಹಿಂದಕ್ಕೆ ಸರಿಸಿದ್ದು ಟ್ರ್ಯಾಕ್ಟರು. ಮರದ ಚಕ್ರವನ್ನು ಸರಿಸಿದ್ದು ಟೈರು ಗಾಡಿ. ಅದಕ್ಕೆ ಬೇಕಾದ್ದು ಹಳೆಯ ಲಾರಿ ಟೈರು ಮತ್ತು ವೆಲ್ಡಿಂಗ್ ಅಂಗಡಿ. ಆಯದ ಧಾನ್ಯ ನಿಂತು ದಿನಗೂಲಿ ಬಂದಾಗ, ಬಿಚ್ಚಿ ಕಟ್ಟುವಂತೆ ಮಾಡುವುದರಲ್ಲಿದ್ದ ಲಾಭವೂ ಹೋಯಿತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಸುತ್ತಲ ಕಾಡು 1987ರಲ್ಲಿ ಕಾವೇರಿ ವನ್ಯಧಾಮ, 2013ರಲ್ಲಿ ಮಲೆ ಮಹದೇಶ್ವರ ವನ್ಯಧಾಮ ಎಂದು ಘೋಷಿತವಾಯಿತು. ಇವುಗಳ ನಡುವೆ ವೀರಪ್ಪನ್ ಕಾಲ. 1992ರ ಮೇ ತಿಂಗಳಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿಯಾದ ಬಳಿಕ, 2004ರ ಅಕ್ಟೋಬರಿನಲ್ಲಿ ಆತ ಹತನಾಗುವವರೆಗೂ, ಕೊಡಲಿ ಹೆಗಲಿಗೇರಿಸಿ ಕಾಡಿನ ಕಡೆ ನಡೆಯುವುದೇ ಎರಡೂ ಕಡೆಯವರ ಅನುಮಾನಕ್ಕೆ ದಾರಿಯಾಗುತ್ತಿತ್ತು. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸಕ್ಕೆ ಅರಮನೆಯ ಆಶ್ರಯ ಸಿಕ್ಕಿತ್ತು, ಈಗ ಭೌಗೋಳಿಕ ಸೂಚ್ಯಂಕದ ಮನ್ನಣೆಯೂ ಇದೆ. ನೊಗ ಕೆತ್ತುವವನಿಗೆ ಅಂತಹ ಯಾವ ಹಣೆಪಟ್ಟಿಯೂ ಬರಲಿಲ್ಲ.

ಕಾಡಿನ ಮರ ಕೈ ತಪ್ಪಿದ ಜಾಗದಲ್ಲಿ ಬೇಡದ ಗಿಡವೊಂದು ಬಂದು ಕೂತಿತು. ಅಮೆರಿಕ ಖಂಡದ ಲಾಂಟಾನ 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಗಿಡವಾಗಿ ಬಂದದ್ದು. ಬಿಳಿಗಿರಿರಂಗನ ಬೆಟ್ಟ, ಮಹದೇಶ್ವರ ಬೆಟ್ಟಗಳ ತಳಕಾಡನ್ನೆಲ್ಲ ಇಂದು ಆಕ್ರಮಿಸಿದೆ. ಸೋಲಿಗರು ಬೇಸಿಗೆಯ ಮೊದಲಲ್ಲಿ ಹಾಕುತ್ತಿದ್ದ ತರಗುಬೆಂಕಿಯನ್ನು ನಿಷೇಧಿಸಿದ್ದೇ ಇದಕ್ಕೆ ಒಂದು ಕಾರಣವೆಂದು ಅವರ ಹಿರಿಯರು ಹೇಳುತ್ತಾರೆ. ಸಂಶೋಧಕರೂ ಆ ಮಾತನ್ನು ಪರಿಗಣಿಸಿದ್ದಾರೆ. ಬೆಂಗಳೂರಿನ ಏಟ್ರೀ ಸಂಸ್ಥೆ 2004ರಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ಲಾಂಟಾನ ಕರಕುಶಲ ಕೇಂದ್ರ ಆರಂಭಿಸಿ, ಬಿದಿರಿನ ಕೆಲಸ ಬಲ್ಲವರಿಗೂ ಸೋಲಿಗರಿಗೂ ಈ ಕಡ್ಡಿಯಿಂದ ಕುರ್ಚಿ, ಬುಟ್ಟಿ, ಕಪಾಟು ಮಾಡುವುದನ್ನು ಕಲಿಸಿತು.

ಇಲ್ಲಿ ಬಾಚಿಗೆ ಕೆಲಸವಿಲ್ಲ, ಬೈರಿಗೆಗೂ ಇಲ್ಲ. ಹೆಬ್ಬೆರಳ ಗಾತ್ರದ ಕಡ್ಡಿಯಲ್ಲಿ ನಾಲಗೆ ಕೆತ್ತಲಾಗದು, ತೂತು ಕೊರೆಯಲಾಗದು. ಕಡ್ಡಿಗಳನ್ನು ಕಾಡಿನಿಂದ ಕತ್ತಿಯಲ್ಲಿ ಸವರಿ ತಂದು, ದೊಡ್ಡ ಪಾತ್ರೆಯ ನೀರಿನಲ್ಲಿ ಗಂಟೆಗಟ್ಟಲೆ ಕುದಿಸುತ್ತಾರೆ. ಮೆತ್ತಗಾದ ಕಡ್ಡಿಯ ಸಿಪ್ಪೆ ಸುಲಿದು, ಬಿಸಿ ಆರುವ ಮೊದಲು ಬೇಕಾದ ಆಕಾರಕ್ಕೆ ಬಾಗಿಸುತ್ತಾರೆ. ಒಣಗಿದ ಮೇಲೆ ಬಾಗು ಹಾಗೇ ನಿಲ್ಲುತ್ತದೆ. ಹುಳು ಈ ಮರದ ಹತ್ತಿರ ಸುಳಿಯುವುದಿಲ್ಲ, ಅಮಾವಾಸ್ಯೆಗೆ ಕಾಯಬೇಕಾದ್ದಿಲ್ಲ. ಕಡಿಯಲು ಅರಣ್ಯ ಇಲಾಖೆಯ ಆಕ್ಷೇಪಣೆಯೂ ಕಡಿಮೆ, ಏಕೆಂದರೆ ಇದು ಕಳೆ. ಆಮೇಲೆ ಕಡ್ಡಿಯ ಮೇಲೆ ಕಡ್ಡಿ ಇಟ್ಟು, ಪೇಟೆಯಿಂದ ತಂದ ಸಣ್ಣ ಮೊಳೆ ಹೊಡೆದು ಜೋಡಿಸುತ್ತಾರೆ.